ಶೂಲದ ದೊರೆಯನ್ನು ಧೂಮಕೇತುವಿಗೆ ಕರೆದೊಯ್ದದ್ದು: ನನ್ನ ಅನುಭವ

1462ರ ಫೆಬ್ರವರಿ 11ರಂದು ವಲಾಕಿಯಾದ (ಇಂದಿನ ದಕ್ಷಿಣ ರೊಮೇನಿಯಾ) ದೊರೆ ಮೂರನೇ ವ್ಲಾದ್ ಹಂಗೇರಿಯ ರಾಜ ಮಥಿಯಾಸ್ ಕಾರ್ವಿನಸ್‌ಗೆ ಒಂದು ಪತ್ರ ಬರೆದ. ಆ ಚಳಿಗಾಲದಲ್ಲಿ ತುರ್ಕರ ಹಿಡಿತದಲ್ಲಿದ್ದ ಡ್ಯಾನ್ಯೂಬ್ ನದಿ ದಡದ ಊರುಗಳ ಮೇಲೆ ನಡೆಸಿದ ದಾಳಿಯ ವರದಿ ಅದು. ಊರೂರಿನ ಹೆಸರು ಹಿಡಿದು ಸತ್ತವರ ಲೆಕ್ಕ ಕೊಟ್ಟಿದ್ದಾನೆ: ಜೂರ್ಜುವಿನಲ್ಲಿ 6,414, ಒಟ್ಟಾರೆ 23,884. ಮನೆಯೊಳಗೇ ಸುಟ್ಟುಹೋದವರು, ಯಾರ ತಲೆಯನ್ನು ಅಧಿಕಾರಿಗಳ ಮುಂದೆ ತಂದು ಒಪ್ಪಿಸಲಿಲ್ಲವೋ ಅವರು ಇದರಲ್ಲಿ ಸೇರಿಲ್ಲ ಎಂದೂ ಹೇಳುತ್ತಾನೆ. ಇವನನ್ನು ಇಟ್ಟುಕೊಂಡು ನಾನು ಬರೆದ ಮೂರು ವಿಜ್ಞಾನ ಕಥೆಗಳಿಗೂ ಬೀಜ ಈ ಪತ್ರವೇ. ಕೊಂದವನಿಗಿಂತ, ಕೊಂದು ಲೆಕ್ಕ ಬರೆದಿಟ್ಟವನು ಹೆಚ್ಚು ಭಯ ಹುಟ್ಟಿಸುತ್ತಾನೆ. ಹಾಗಾಗಿ ಪ್ರತಿ ಕಥೆಗೂ ಮುಂಚೆ ನಾನು ತೀರ್ಮಾನಿಸಿದ್ದು ಒಂದೇ ವಿಷಯ: ಇಲ್ಲಿ ಇವನು ಏನನ್ನು ಎಣಿಸುತ್ತಾನೆ?

ರಕ್ತ ಹೀರುವ ಡ್ರಾಕುಲನನ್ನು ಮೊದಲೇ ಹೊರಗಿಟ್ಟೆ. ಅವನು 1897ರ ಇಂಗ್ಲಿಷ್ ಕಾದಂಬರಿಯವನು, ಈ ದೊರೆಯಿಂದ ಪಡೆದದ್ದು ಮುಖ್ಯವಾಗಿ ಹೆಸರನ್ನು. ವ್ಲಾದ್‌ನ ಅಪ್ಪ 1431ರಲ್ಲಿ ಡ್ರ್ಯಾಗನ್ ಪಂಥವೆಂಬ ಸರದಾರರ ಕೂಟಕ್ಕೆ ಸೇರಿ ‘ದ್ರಾಕುಲ್’ ಎನಿಸಿಕೊಂಡ. ಮಗ ‘ಡ್ರಾಕುಲ’, ಅಂದರೆ ದ್ರಾಕುಲ್‌ನ ಮಗ, ಎನಿಸಿಕೊಂಡ. ‘ತ್ಸೆಪೆಶ್’, ಅಂದರೆ ಶೂಲಕ್ಕೇರಿಸುವವನು, ಸತ್ತ ಮೇಲೆ ಅಂಟಿದ ಹೆಸರು. ಆದ್ದರಿಂದ ಅವನು ಬದುಕಿರುವ ದೃಶ್ಯದಲ್ಲಿ ಯಾರ ಬಾಯಲ್ಲೂ ಆ ಹೆಸರು ಬರಬಾರದು. ಈ ತಪ್ಪು ಮೊದಲ ಕರಡಿನಲ್ಲಿ ನನ್ನಿಂದಲೂ ಆಗಿತ್ತು.

ಇನ್ನು ಶೂಲಗಳ ಕಾಡು. 1462ರ ಬೇಸಿಗೆಯಲ್ಲಿ ತುರ್ಕಿಯ ಸುಲ್ತಾನ್ ಎರಡನೇ ಮೆಹಮದ್‌ನ ದಂಡು ವ್ಲಾದ್‌ನ ರಾಜಧಾನಿ ತಿರ್ಗೊವಿಷ್ಟೆಯ ಹತ್ತಿರ ಅದನ್ನು ಕಂಡಿತು ಎನ್ನುತ್ತಾನೆ ಗ್ರೀಕ್ ಇತಿಹಾಸಕಾರ ಚಾಲ್ಕೊಕಾಂಡಿಲೀಸ್. ಉದ್ದ 17 ಸ್ಟೇಡಿಯ, ಅಗಲ 7, ಶೂಲಕ್ಕೇರಿದವರು ಸುಮಾರು 20,000. ಇದನ್ನು ಓದಿ ಒತ್ತೊತ್ತಾಗಿ ನಿಂತ ಗೂಟಗಳನ್ನು ಕಲ್ಪಿಸಿಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡಬೇಕು. ಒಂದು ಸ್ಟೇಡಿಯವನ್ನು 180 ಮೀಟರ್ ಎಂದು ಹಿಡಿದರೆ ಜಾಗ ಸರಿಸುಮಾರು 3 ಕಿ.ಮೀ. ಉದ್ದ, 1.26 ಕಿ.ಮೀ. ಅಗಲ. ಆ ಜಾಗವನ್ನು 20,000 ಗೂಟಗಳಿಗೆ ಸಮನಾಗಿ ಹಂಚಿದರೆ ಗೂಟದಿಂದ ಗೂಟಕ್ಕೆ ಸುಮಾರು 14 ಮೀಟರ್, ಅಂದರೆ 46 ಅಡಿ. ನಮ್ಮ ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ ಬಿಡುವುದು 25ರಿಂದ 30 ಅಡಿ. ಈ ಕಾಡು ಅದಕ್ಕಿಂತಲೂ ವಿರಳ. ಕುದುರೆ ಮೇಲೆ ಬರುವವನಿಗೆ ಒಂದೊಂದು ಮುಖವೂ ಬೇರೆಬೇರೆಯಾಗಿ ಎದುರಾಗುತ್ತದೆ, ಮೂರು ಕಿಲೋಮೀಟರ್ ಉದ್ದಕ್ಕೂ. ಈ ಗಣಿತ ಗೊತ್ತಾದ ಮೇಲೆ ದೃಶ್ಯವನ್ನು ಪೂರ್ತಿ ಬದಲಿಸಿದೆ. ಇತಿಹಾಸಕಾರನ ಅಂಕಿ ಉತ್ಪ್ರೇಕ್ಷೆಯೇ ಇದ್ದರೂ ಕಥೆಗಾರ ಅದರೊಳಗೆ ನಿಂತೇ ಅಳೆಯಬೇಕು.

ಮೊದಲ ಕಥೆಗೆ ಹ್ಯಾಲಿ ಧೂಮಕೇತುವನ್ನು ಆರಿಸಿದ್ದಕ್ಕೆ ಕಾರಣ ಸರಳ. ವ್ಲಾದ್ ಎರಡನೇ ಸಲ ಪಟ್ಟಕ್ಕೆ ಬಂದ 1456ರಲ್ಲೇ ಆ ಬಾಲಚುಕ್ಕಿ ಆಕಾಶದಲ್ಲಿತ್ತು. ಅದರ ಮೇಲೆ ಮಂಜುಗಡ್ಡೆ ತೋಡುವ ಒಂದು ನೆಲೆ, ಅದಕ್ಕೆ ಮುಖ್ಯಸ್ಥನಾಗಿ ವ್ಲಾದ್. 2061ರಲ್ಲಿ ಧೂಮಕೇತು ಬಂದಾಗ ಜನ ಅಲ್ಲಿಗೆ ಇಳಿಯುತ್ತಾರೆ ಎಂದು ಮೊದಲು ಬರೆದಿದ್ದೆ. ಅದು ಆಗದ ಮಾತು. ಹ್ಯಾಲಿ ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ, ಸೂರ್ಯನ ಹತ್ತಿರ ಸೆಕೆಂಡಿಗೆ 54 ಕಿ.ಮೀ. ವೇಗದಲ್ಲಿ ಓಡುತ್ತದೆ. 1986ರಲ್ಲಿ ಜಿಯೊಟ್ಟೊ ನೌಕೆ ಅದನ್ನು ಹಾದುಹೋದಾಗ ಸಾಪೇಕ್ಷ ವೇಗ ಸೆಕೆಂಡಿಗೆ 68 ಕಿ.ಮೀ. ಇತ್ತು. ಇಳಿಯುವುದಾದರೆ ಅದರ ಕಕ್ಷೆಯ ದೂರದ ತುದಿಯಲ್ಲಿ ಇಳಿಯಬೇಕು. ಅಲ್ಲಿ ವೇಗ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಕಡಿಮೆ. ಕಳೆದ ಸಲ ಆ ತುದಿ ಮುಟ್ಟಿದ್ದು 2023ರ ಡಿಸೆಂಬರ್, ಮುಂದಿನದು ಈ ಶತಮಾನದ ಕೊನೆಗೆ. ಹಾಗಾಗಿ ಕಥೆಯನ್ನು ಅಲ್ಲಿಗೆ ಎತ್ತಿ ಹಾಕಿ, 2134ರಲ್ಲಿ ಧೂಮಕೇತು ಮತ್ತೆ ಬರುವಾಗ ಮುಗಿಸಿದೆ.

ಇದರಿಂದ ಇನ್ನೊಂದು ಲಾಭವಾಯಿತು. ಸೂರ್ಯನಿಂದ ಭೂಮಿಗಿರುವ ದೂರದ 35 ಪಟ್ಟು ಆಚೆಯಿಂದ ಮಾತು ಭೂಮಿ ಮುಟ್ಟಲು ಸುಮಾರು 4 ಗಂಟೆ 50 ನಿಮಿಷ ಬೇಕು, ಉತ್ತರ ಬರಲು ಇನ್ನೂ ಅಷ್ಟೇ. ಹಂಗೇರಿ, ತುರ್ಕಿ ಎರಡರ ರಾಜಧಾನಿಗಳಿಂದಲೂ ದೂರವಿದ್ದ ಗಡಿನಾಡಿನ ದೊರೆಗೆ ಸಿಕ್ಕ ಸ್ವಾತಂತ್ರ್ಯ ಇಂಥದ್ದೇ: ಕೇಳುವವರು ಕೇಳುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. 2134ರ ಮೇ ತಿಂಗಳಲ್ಲಿ ಹ್ಯಾಲಿ ಭೂಮಿಗೆ ಬಹಳ ಸಮೀಪ ಬರುತ್ತದೆ, ಆಗ ಈ ವಿಳಂಬ ಒಂದು ನಿಮಿಷಕ್ಕೂ ಕಡಿಮೆ. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಆ ದಿನದ ವಿಳಂಬವನ್ನಷ್ಟೇ ಬರೆದೆ. ಅಂಕಿ ಇಳಿಯುತ್ತಾ ಹೋದಂತೆ ಅವನ ಅಧಿಕಾರವೂ ಇಳಿಯುವುದು ಓದುಗರಿಗೆ ತಾನೇ ಹೊಳೆಯುತ್ತದೆ.

ನಿಜವಾಗಿ ತೊಡಕಾದದ್ದು ಶೂಲ. ಆ ಶಿಕ್ಷೆ ನಡೆಯುವುದು ಮೈಯ ಭಾರದಿಂದ. ಹ್ಯಾಲಿಯ ಗಡ್ಡೆ ಸುಮಾರು 15 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಗುರುತ್ವ ಭೂಮಿಯದರ ಇಪ್ಪತ್ತು ಸಾವಿರದಲ್ಲಿ ಒಂದು ಭಾಗದಷ್ಟು. 70 ಕಿಲೋ ಮನುಷ್ಯ ಅಲ್ಲಿ ನಾಲ್ಕು ಗ್ರಾಂ ತೂಗುವುದಿಲ್ಲ. ವಿಮೋಚನಾ ವೇಗ ಸೆಕೆಂಡಿಗೆ ಸುಮಾರು 2 ಮೀಟರ್, ಜೋರಾಗಿ ನೆಗೆದರೆ ಮರಳಿ ಬರುವುದಿಲ್ಲ. ಅಂದಮೇಲೆ ಅಲ್ಲಿ ಎಲ್ಲರ ಜೀವವೂ ಹಗ್ಗದಲ್ಲಿದೆ. ಶೂಲದ ಕೆಲಸವೇನು ಎಂದು ಮತ್ತೆ ಕೇಳಿಕೊಂಡೆ. ಸಾಯಿಸುವುದು ಅದರ ಅರ್ಧ, ದಾರಿಹೋಕರಿಗೆ ಕಾಣಿಸುವುದು ಇನ್ನರ್ಧ. ಆದ್ದರಿಂದ ನೆಲೆಗೆ ಬರುವ ದಾರಿಯ ಉದ್ದಕ್ಕೂ 14 ಮೀಟರಿಗೊಂದು ಕಂಬ, ಕಂಬಕ್ಕೆ ಬಿಗಿದ ಪೋಷಾಕು, ಒಳಗಿನವನ ನಾಡಿಗೆ ಸರಿಯಾಗಿ ಮಿಡಿಯುವ ದೀಪ. ದೀಪ ಇಲ್ಲದೆ ಆಗದು, ಏಕೆಂದರೆ ಗಡ್ಡೆಯ ಮೈ ಬೆಳಕಿನ ಶೇ 4ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ, ಇದ್ದಿಲಿನಷ್ಟು ಕಪ್ಪು. ಸೂರ್ಯನಿಂದ ಭೂಮಿಗಿರುವ ದೂರದ ಮೂರು ಪಟ್ಟಿನೊಳಗೆ ಬಂದಾಗ ನೀರಿನ ಮಂಜು ಆವಿಯಾಗತೊಡಗುತ್ತದೆ, ಕಂಬಗಳ ಬುಡ ಸಡಿಲಾಗುತ್ತದೆ. ಕಥೆಯ ತಿರುವನ್ನು ನಾನು ಹುಡುಕಬೇಕಾಗಲಿಲ್ಲ, ಅದು ಇಲ್ಲೇ ಇತ್ತು.

ಎರಡನೇ ಕಥೆಯಲ್ಲಿ ಹಳೆಯ ಬರಹಗಳನ್ನು ಉಣಿಸಿ ದೊರೆಯ ಮನಸ್ಸನ್ನು ಮರಳಿ ಕಟ್ಟುವ ಯಂತ್ರವಿದೆ. ಇದಕ್ಕೆ ಮೂರು ಕಾಲಂ ಹಾಕಿಕೊಂಡೆ: ಜರ್ಮನ್ ಕರಪತ್ರಗಳು, 1486ರ ಸ್ಲಾವೊನಿಕ್ ಭಾಷೆಯ ಕಥನ, ರೊಮೇನಿಯಾದ ಜನಪದ ಕಥೆಗಳು. ಬಡವರನ್ನು ಮನೆಯೊಂದರಲ್ಲಿ ಕೂಡಿಹಾಕಿ ಸುಟ್ಟ ಘಟನೆ ಜರ್ಮನ್ನಿನಲ್ಲೂ ಇದೆ, ಸ್ಲಾವೊನಿಕ್ಕಿನಲ್ಲೂ ಇದೆ. ಸ್ಲಾವೊನಿಕ್‌ನಲ್ಲಿ ನಾಡಿನಲ್ಲಿ ಬಡವನೇ ಇರಬಾರದೆಂದು ಮಾಡಿದೆ ಎಂಬ ಕಾರಣ ದೊರೆಯ ಬಾಯಲ್ಲೇ ಬರುತ್ತದೆ. ಬಾವಿಯ ಬಳಿ ಇಟ್ಟ ಚಿನ್ನದ ಬಟ್ಟಲನ್ನು ಯಾರೂ ಕದಿಯಲಿಲ್ಲ ಎಂಬುದೂ ಅಲ್ಲಿದೆ. ಜರ್ಮನ್ ಕರಪತ್ರಗಳ ಹಿಂದೆ ಟ್ರಾನ್ಸಿಲ್ವೇನಿಯಾದ ಬ್ರಾಶೋವ್ ಊರಿನ ಸ್ಯಾಕ್ಸನ್ (ಜರ್ಮನ್ ಮೂಲದ) ವರ್ತಕರ ಸಿಟ್ಟಿದೆ. ಒಂದೇ ಕಾಲಂ ಉಣಿಸಿದ ಯಂತ್ರ ರಾಕ್ಷಸನಾಗುತ್ತದೆ ಇಲ್ಲವೇ ನ್ಯಾಯವಂತನಾಗುತ್ತದೆ, ಎರಡೂ ಸಪ್ಪೆ. ಮೂರನ್ನೂ ಉಣಿಸಿದ್ದು ಮಾತ್ರ ನಿದ್ದೆ ಕೆಡಿಸುವ ಉತ್ತರ ಕೊಡುತ್ತದೆ. ಮೆಹಮದ್‌ಗೆ ಬೀದರಿನ ಮಹಮೂದ್ ಗವಾನ್ ಪತ್ರ ಬರೆದದ್ದು ಉಂಟು. ಅದಕ್ಕೇ ಯಂತ್ರವನ್ನು ಪ್ರಶ್ನಿಸುವ ಇತಿಹಾಸಕಾರ್ತಿಯನ್ನು ಬೀದರಿನವಳನ್ನಾಗಿ ಮಾಡಿದೆ.

ಮೂರನೆಯದು ಚಿಕ್ಕದು. 2023ರಲ್ಲಿ ಇಟಲಿಯ ಸಂಶೋಧಕರು ವ್ಲಾದ್‌ನ ಪತ್ರಗಳ ಮೇಲ್ಮೈಯಿಂದ ಪ್ರೋಟೀನುಗಳನ್ನು ಎತ್ತಿ, ಅವನ ಕಣ್ಣೀರಿನಲ್ಲಿ ರಕ್ತ ಬರುತ್ತಿದ್ದಿರಬಹುದು ಎಂದರು. ಇದನ್ನು ಸಿದ್ಧವಾದ ಸತ್ಯವೆಂದು ಬರೆದರೆ ಕಥೆ ಕೆಡುತ್ತದೆ. ಐದು ಶತಮಾನಗಳಲ್ಲಿ ಆ ಕಾಗದ ಎಷ್ಟೋ ಕೈ ದಾಟಿದೆ. ಆ ಕೈಗಳು ಯಾರವು ಎಂಬ ವಾದವನ್ನೇ ಕಥೆ ಮಾಡಿದೆ. ಮೂಳೆಯಿಂದ ತದ್ರೂಪಿ ಮಾಡುವ ದಾರಿ ಬಿಟ್ಟೆ. ಸ್ನಾಗೊವ್ ಮಠದಲ್ಲಿ ಅವನದೆನ್ನುವ ಸಮಾಧಿಯನ್ನು 1933ರಲ್ಲಿ ಅಗೆದಾಗ ಸಿಕ್ಕಿದ್ದು ಪ್ರಾಣಿಗಳ ಮೂಳೆ.

ಭಾಷೆಯಲ್ಲಿ ಕಾಡಿದ್ದು ‘ಶೂಲ’. ಆ ಪದ ನಮ್ಮ ಕಿವಿಗೆ ಶಿವನನ್ನೂ ತರುತ್ತದೆ. ಆಡಳಿತದ ಕಡತದಲ್ಲಿ ‘ಶೂಲ’ ಎಂದೂ, ಮಂಜು ತೋಡುವವರ ಬಾಯಲ್ಲಿ ‘ಗೂಟ’ ಎಂದೂ ಬೇರೆ ಮಾಡಿದೆ. ಕಾರಕೂನರು ಅವನನ್ನು ‘ಪ್ರಭುಗಳು’ ಎನ್ನುತ್ತಾರೆ, ಆಳುಗಳು ‘ದಣಿ’. ಅವನು ಮಾತ್ರ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಕಂಬದ ಸಂಖ್ಯೆಯಿಂದ ಕರೆಯುತ್ತಾನೆ.

ವ್ಲಾದ್ 1476-77ರ ಚಳಿಗಾಲದಲ್ಲಿ ಹತನಾದ, ತಲೆ ಸುಲ್ತಾನನಿಗೆ ಹೋಯಿತು. ಧೂಮಕೇತುವಿನ ಕಥೆಯಲ್ಲಿ ಇದಕ್ಕೆ ನಾಲ್ಕು ಪುಟ ಬರೆದು ಎಲ್ಲವನ್ನೂ ಹೊಡೆದುಹಾಕಿದೆ. ಉಳಿದದ್ದು ಕಾರಕೂನನ ಪುಸ್ತಕದ ಕೊನೆಯ ನಮೂದು: ವಿಳಂಬ 46 ಸೆಕೆಂಡು, ಹೊಸ ಕಂಬ ಒಂದು, ಸಂಖ್ಯೆ 23,885.