ತೊಗರಿ ಕಾಳಿನ ಅಂಕಪಟ್ಟಿ

2018ರಲ್ಲಿ ಯಾದಗಿರಿಯ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ದುಡ್ಡು ಹೊರದೇಶದ್ದು. ದೆಹಲಿಯ ದೊಡ್ಡ ಸಂಸ್ಥೆಯೊಂದಕ್ಕೆ ಬಂದು, ಅಲ್ಲಿಂದ ನಮ್ಮ ಕಡೆ ಇಳಿಯುತ್ತಿತ್ತು. ಯೋಜನೆಯ ಮೊದಲ ಪುಟದಲ್ಲೇ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದದ ಮಾತಿತ್ತು. 2003ರ ಒಪ್ಪಂದ ಅದು, ಭಾರತ 2011ರಲ್ಲಿ ಅನುಮೋದಿಸಿತು. ಭ್ರಷ್ಟಾಚಾರ ತಡೆಯೋದರಲ್ಲಿ ಜನರೂ ಪಾಲ್ಗೊಳ್ಳಬೇಕು ಅಂತ ಅದರ 13ನೇ ವಿಧಿ ಹೇಳುತ್ತದೆ. ಅದನ್ನು ಆರು ಹಳ್ಳಿಗಳ ರೇಷನ್ ಅಂಗಡಿ ಮುಂದೆ ಮಾಡಿ ತೋರಿಸುವುದು ನನ್ನ ಪಾಲಿಗೆ ಬಂತು.

ಕೈಗೆ ಕೊಟ್ಟದ್ದು ಒಂದು ಇಂಗ್ಲಿಷ್ ಕೈಪಿಡಿ. ಕಮ್ಯುನಿಟಿ ಸ್ಕೋರ್ ಕಾರ್ಡ್ ಅಂತ. 2002ರಲ್ಲಿ ಕೇರ್ ಸಂಸ್ಥೆ ಆಫ್ರಿಕಾದ ಮಲಾವಿಯಲ್ಲಿ ಆರೋಗ್ಯ ಸೇವೆಗಾಗಿ ಕಟ್ಟಿದ ವಿಧಾನ. ಜನ ಗುಂಪಾಗಿ ಕೂತು ಒಂದು ಸೇವೆಗೆ ಅಂಕ ಕೊಡುತ್ತಾರೆ. ಸೇವೆ ಕೊಡುವವರು ತಮಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ಆಮೇಲೆ ಎರಡೂ ಕಡೆಯವರು ಎದುರುಬದುರು ಕೂತು ಮಾತಾಡಬೇಕು.

ಮೊದಲ ಸಭೆಯನ್ನು ಹನುಮಪ್ಪನ ಗುಡಿ ಕಟ್ಟೆ ಮೇಲೆ ಮಾಡಿದೆ. ಅಂಗಡಿಯವನ ತಮ್ಮ ಎಲ್ಲರಿಗೂ ಚಹಾ ತರಿಸಿದ. ಎಲ್ಲದಕ್ಕೂ ಐದಕ್ಕೆ ಐದು ಬಿತ್ತು! ನಾನು ಹಾಗೇ ವರದಿ ಕಳಿಸಿದೆ. ದೆಹಲಿಯಿಂದ 'ಎಕ್ಸಲೆಂಟ್' ಅಂತ ಮೇಲ್ ಬಂತು. ನನಗೇ ನಾಚಿಕೆ ಆಯ್ತು.

ಆಮೇಲೆ ಕೈಪಿಡಿ ಪಕ್ಕಕ್ಕಿಟ್ಟೆ. ಓಣಿ ಓಣಿಗೆ ಬೇರೆ ಸಭೆ, ಬರೀ ಹೆಂಗಸರದ್ದು, ರಾತ್ರಿ ಊಟ ಆದ ಮೇಲೆ. ಚಾರ್ಟ್, ಸ್ಕೆಚ್ ಪೆನ್ ಬಿಟ್ಟು ಒಂದು ಸೇರು ತೊಗರಿ ಕಾಳು ಒಯ್ದೆ. ಮೂರೇ ಪ್ರಶ್ನೆ: ತೂಕ ಹೆಂಗದ, ಅಂಗಡಿ ಎಷ್ಟು ದಿನ ತೆಗೀತಾರ, ಹೆಬ್ಬೆಟ್ಟು ಒತ್ತೋಕೆ ರೊಕ್ಕ ಕೇಳ್ತಾರೇನು. ನೆಲದ ಮೇಲೆ ಮೂರು ಗೆರೆ ಎಳೆದು, ಮನಸ್ಸಿಗೆ ಬಂದಷ್ಟು ಕಾಳು ಇಡಿ ಅಂದೆ. ಒಬ್ಬ ಅಜ್ಜಿ ಮಾತ್ರ ಒಂದು ಕಾಳನ್ನೂ ಮುಟ್ಟಲಿಲ್ಲ. "ತಮ್ಮಾ, ನಾ ಕಾಳು ಇಟ್ರ ನನ್ನ ಚೀಲದಾಗ ಅಕ್ಕಿ ತುಂಬ್ತದೇನು?" ಅಂದಳು.

ಸರಿ, ಮೊದಲು ಚೀಲ ತೂಗೋಣ ಅಂತಾಯ್ತು. ಆಗ ಅನ್ನಭಾಗ್ಯದಲ್ಲಿ ಬಿಪಿಎಲ್ ಕಾರ್ಡಿನವರಿಗೆ ತಲೆಗೆ 7 ಕೆಜಿ ಅಕ್ಕಿ. ಹತ್ತಿ ವ್ಯಾಪಾರಿಯ ಹತ್ತಿರ ಒಂದು ಕೊಕ್ಕೆ ತಕ್ಕಡಿ ಎರವಲು ತಂದೆವು. ಐದು ಜನರ ಮನೆಗೆ 35 ಕೆಜಿ ಬರಬೇಕು. ತೂಗಿದರೆ 31. ಹೆಬ್ಬೆಟ್ಟಿಗೆ 20 ರೂಪಾಯಿ ಬೇರೆ. ಜೊತೆಗೆ, ಅಂಗಡಿಗೆ ತಿಂಗಳಿಗೆ ಎಷ್ಟು ಅಕ್ಕಿ ಬರುತ್ತದೆ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದು ಗೊತ್ತಿಲ್ಲದೆ ನನ್ನ ಮೊದಲ ಅರ್ಜಿ ವಾಪಸ್ ಬಂದಿತ್ತು. 30 ದಿನ ಕಾದೆವು, ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಕಾಗದ ಬಂತು.

ಎದುರುಬದುರು ಸಭೆಯಲ್ಲಿ ಅಂಗಡಿಯವನು ಸಿಟ್ಟಿಗೇಳುತ್ತಾನೆ ಅಂದುಕೊಂಡಿದ್ದೆ. ಅವನು ಒಳಗೆ ಹೋಗಿ, ಹೊಲಿಗೆ ಬಿಚ್ಚದ ಚೀಲವೊಂದನ್ನು ಎಳೆದು ತಂದ. "ಇದನ್ನೂ ತೂಗ್ರಿ ಸರ್" ಅಂದ. 50 ಕೆಜಿ ಚೀಲ, 48ಕ್ಕೇ ನಿಂತಿತು. ಹಮಾಲಿ ಬೇರೆ ಕೊಡಬೇಕು, ಮೇಲಿನವರಿಗೂ ಕೊಡಬೇಕು, ಕಮಿಷನ್ ಯಾವುದಕ್ಕೂ ಸಾಲಲ್ಲ ಅಂದ. ಪೂರ್ತಿ ನಿಜ ಅಲ್ಲ. 50ಕ್ಕೆ 2 ಕಮ್ಮಿ ಆದರೆ 35ಕ್ಕೆ ಒಂದೂವರೆ ಕಮ್ಮಿ ಆಗಬೇಕು, ನಾಲ್ಕಲ್ಲ. ಆದರೆ ಪೂರ್ತಿ ಸುಳ್ಳೂ ಅಲ್ವಾ? ಅಷ್ಟು ದಿನ ನಾನು ಅವನೊಬ್ಬನನ್ನೇ ಕಳ್ಳ ಅಂದುಕೊಂಡಿದ್ದೆ. ಆ ಚೀಲ ಬರುವ ಗೋದಾಮಿನ ಲೆಕ್ಕ ನಮ್ಮ ಯೋಜನೆಯಲ್ಲೇ ಇರಲಿಲ್ಲ. ಸೇರಿಸೋಣ ಅಂತ ದೆಹಲಿಗೆ ಬರೆದೆ. ಅದು ಮುಂದಿನ ಹಂತಕ್ಕೆ ಅಂದರು.

ಉಗಾಂಡಾದ ಕತೆ ನೆನಪಾದದ್ದು ಆಗ. 1990ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಸರ್ಕಾರ ಶಾಲೆಗಳಿಗೆ ಅಂತ ಬಿಡುಗಡೆ ಮಾಡಿದ, ಒಬ್ಬ ವಿದ್ಯಾರ್ಥಿಗೆ ಇಷ್ಟು ಅನ್ನೋ ಲೆಕ್ಕದ ಅನುದಾನದಲ್ಲಿ ಶೇ. 13 ಮಾತ್ರ ಶಾಲೆ ಮುಟ್ಟುತ್ತಿತ್ತು. ಆಮೇಲೆ ಎಷ್ಟು ಬಿಡುಗಡೆ ಆಯ್ತು ಅನ್ನೋದನ್ನು ಪತ್ರಿಕೆಯಲ್ಲಿ ಹಾಕಿದರು, ಶಾಲೆ ಗೋಡೆಗೂ ಅಂಟಿಸಿದರು. ಶಾಲೆ ಮುಟ್ಟುವ ಪಾಲು ತುಂಬಾ ಏರಿತು. ಅದು ಬರೀ ಪತ್ರಿಕೆಯಿಂದಲೇ ಆಯ್ತಾ ಅಂತ ತಿಳಿದವರು ಇನ್ನೂ ವಾದ ಮಾಡುತ್ತಾರೆ. ಓಣಿಯಲ್ಲಿ ಇದನ್ನು ಹೇಳಿದಾಗ ಒಬ್ಬಾಕೆ, "ಅವರ ಊರಾಗೂ ಹಿಂಗೇ ಅದೇನ್ರಿ?" ಅಂತ ನಕ್ಕಳು.

ನಾವೂ ಅಂಗಡಿ ಗೋಡೆಗೆ ಬರೆಸಿದೆವು. ತಲೆಗೆ 7 ಕೆಜಿ, ಈ ತಿಂಗಳು ಬಂದ ಅಕ್ಕಿ ಇಷ್ಟು, ಹೆಬ್ಬೆಟ್ಟಿಗೆ ರೊಕ್ಕ ಕೊಡಬೇಡಿ. ಬಣ್ಣ, ಕೂಲಿ ಸೇರಿ 900 ರೂಪಾಯಿ. ನಮ್ಮ ಜೀಪಿಗೆ ತಿಂಗಳಿಗೆ ಇದರ ಎಷ್ಟೋ ಪಟ್ಟು ಹೋಗುತ್ತಿತ್ತು. ಹಾಗಂತ ಹೊರಗಿನ ದುಡ್ಡು ದಂಡ ಅನ್ನಲಾರೆ. ಒಂದೇ ಓಣಿಗೆ ಹದಿನೈದು ಸಲ ಹೋಗಿ ಸುಮ್ನೆ ಕೂರಲು ನನಗೆ ಸಂಬಳ ಸಿಗುತ್ತಿತ್ತು. ಊರಿನವರಾರಿಗೂ ಆ ಪುರುಸೊತ್ತಿಲ್ಲ. ರಾಶಿ ಮುಗಿದರೆ ಅರ್ಧ ಊರು ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತದೆ.

2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹೊರದೇಶದ ದುಡ್ಡು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಾವು ಆ 'ಇನ್ನೊಂದು ಸಂಸ್ಥೆ'. ಕೆಲಸ ಅಲ್ಲಿಗೆ ನಿಂತಿತು.

2025ರಲ್ಲಿ ಬೇರೆ ಕೆಲಸದ ಮೇಲೆ ಅದೇ ಊರಿಗೆ ಹೋಗಿದ್ದೆ. ಗೋಡೆ ಹಾಗೇ ಇತ್ತು. 7ನ್ನು ಯಾರೋ ಇದ್ದಿಲಿನಿಂದ ಹೊಡೆದು ಪಕ್ಕದಲ್ಲಿ 10 ಅಂತ ಬರೆದಿದ್ದರು. ಅಕ್ಕಿ ಆಗ ಅಷ್ಟಾಗಿತ್ತು. ಗೋಡೆಯ ಕೆಳಗಿನ, ಹೆಬ್ಬೆಟ್ಟಿನ ಸಾಲಿನ ಮುಂದೆ ಖಾಲಿ ಚೀಲಗಳ ಒಟ್ಟಿಲು.

"ಅಕ್ಕಾ, ಹೆಬ್ಬೆಟ್ಟಿಗೆ ಇನ್ನೂ ತಗೋತಾರಾ?" ಅಂತ ಸಾಲಲ್ಲಿದ್ದ ಒಬ್ಬರನ್ನು ಕೇಳಿದೆ.

"ಹತ್ತು ತಗೋತಾರ್ರಿ."