ಬ್ಯಾಕ್ಟೀರಿಯಾಗಳ ಕೋರಂ: ತಟ್ಟೆಯ ಮೇಲೆ ಕಣ್ಣಾರೆ ನೋಡುವ ವಿಧಾನ

ವಿಧಾನಸೌಧದಲ್ಲಿ ಕೋರಂ ತುಂಬುವವರೆಗೆ ಬೆಲ್ ಹೊಡೆಯುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾಗಳಿಗೂ ಇಂಥದ್ದೊಂದು ಲೆಕ್ಕವಿದೆ. ಎಷ್ಟೋ ಜಾತಿಗಳಲ್ಲಿ ಪ್ರತಿ ಕೋಶವೂ ಎಎಚ್‌ಎಲ್ (ಅಸೈಲ್ ಹೋಮೋಸೆರಿನ್ ಲ್ಯಾಕ್ಟೋನ್) ಎಂಬ ಸಣ್ಣ ಸಂಕೇತದ ಅಣುವನ್ನು ಹೊರಬಿಡುತ್ತದೆ. ಸಂಖ್ಯೆ ಹೆಚ್ಚಿ ಅಣು ಒಂದು ಮಟ್ಟ ದಾಟಿದಾಗ ಕೆಲವು ಜೀನ್‌ಗಳು ಚಾಲೂ ಆಗುತ್ತವೆ.

ಇದನ್ನು ತೋರಿಸಲು ಸಿವಿ026 ಎಂಬ ಬ್ಯಾಕ್ಟೀರಿಯಾ ತಳಿ ಬಹಳ ಒಳ್ಳೆಯದು; ಹಿಂದೆ ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಎನ್ನುತ್ತಿದ್ದ ಇದನ್ನು 2020ರಲ್ಲಿ ಕ್ರೋಮೋಬ್ಯಾಕ್ಟೀರಿಯಂ ಸಬ್‌ಟ್ಸುಗೇ ಜಾತಿಗೆ ಸೇರಿಸಲಾಯಿತು. ಅಣು ತಯಾರಿಸುವ ಜೀನ್ ಅದರಲ್ಲಿ ಮುರಿದಿದೆ, ಗ್ರಹಿಸುವ ಸಿವಿಐಆರ್ ಪ್ರೋಟೀನ್ ಮಾತ್ರ ಸರಿಯಿದೆ. ಬಾಯಿಲ್ಲ, ಕಿವಿಯಿದೆ. ಹೊರಗಿನ ಅಣು ಸಿಕ್ಕರೆ ವಯೊಲೇಸಿನ್ ಎಂಬ ನೇರಳೆ ಬಣ್ಣದ ಜೀನ್‌ಗಳು ತೆರೆದು ಬಿಳಿ ಗೆರೆ ನೇರಳೆಯಾಗುತ್ತದೆ.

1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಟ್ರಿಪ್ಟೋನ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 5, ಉಪ್ಪು 5, ಅಗಾರ್ 15 ಗ್ರಾಂ ಹಾಕಿ. ಪಿಎಚ್ ಏರಿಳಿಯದಂತೆ ಹಿಡಿದಿಡುವ ಮಾಪ್ಸ್ ಬಫರ್ 10.5 ಗ್ರಾಂ ಸೇರಿಸಿ ಪಿಎಚ್ 6.8ಕ್ಕೆ ತನ್ನಿ. ಬಫರ್ ಬಿಡಬೇಡಿ: ಬ್ಯಾಕ್ಟೀರಿಯಾ ಬೆಳೆದಂತೆ ಮಾಧ್ಯಮ ಕ್ಷಾರವಾಗುತ್ತದೆ, ಕ್ಷಾರದಲ್ಲಿ ಎಎಚ್‌ಎಲ್‌ನ ಲ್ಯಾಕ್ಟೋನ್ ಉಂಗುರ ಬಿಚ್ಚಿಹೋಗುತ್ತದೆ. ಅಣು ಇದ್ದೂ ಬಣ್ಣ ಬರದಿರಲು ಇದೂ ಒಂದು ಕಾರಣ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಮಾಧ್ಯಮವನ್ನು ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್‌ನ ಗೇಜು 15 ಪೌಂಡ್ ತೋರಿಸಿದರೂ ಒಳಗೆ 121 ಡಿಗ್ರಿಗೆ ಒಂದೂವರೆ ಡಿಗ್ರಿ ಕಮ್ಮಿಯೇ. ಗೇಜನ್ನಲ್ಲ, ಥರ್ಮಾಮೀಟರ್ ನಂಬಿ. ಅದಿಲ್ಲದಿದ್ದರೆ 20 ನಿಮಿಷದ ಬದಲು 25–30 ನಿಮಿಷ ಇಡಿ.

ಸಿವಿ026ನ್ನು ಹಿಂದಿನ ರಾತ್ರಿ ಕ್ಯಾನಮೈಸಿನ್ ಎಂಬ ಆ್ಯಂಟಿಬಯಾಟಿಕ್ (ಮಿಲಿಲೀಟರ್‌ಗೆ 20 ಮೈಕ್ರೋಗ್ರಾಂ) ಇರುವ, ಅಗಾರ್ ಇಲ್ಲದ ಅದೇ ದ್ರವ ಮಾಧ್ಯಮದಲ್ಲಿ ಬೆಳೆಸಿ. ತಟ್ಟೆಗೆ ಮಾತ್ರ ಅದನ್ನು ಹಾಕಬೇಡಿ, ನೀವು ಪರೀಕ್ಷಿಸಬೇಕೆಂದಿರುವ ಬ್ಯಾಕ್ಟೀರಿಯಾವೇ ಸತ್ತೀತು. ಅಗಾರ್ ಮಾಧ್ಯಮವನ್ನು ತಟ್ಟೆಗೆ ಸುರಿದು, ಮೇಲ್ಮೈ ಚೆನ್ನಾಗಿ ಒಣಗಿದ ಮೇಲೆ, ಅಣು ಬಿಡುತ್ತದೆಯೇ ಎಂದು ನೋಡಬೇಕಾದ ನಿಮ್ಮ ತಳಿಯನ್ನು ಅಡ್ಡಗೆರೆಯಾಗಿ ಎಳೆದು, ಅದಕ್ಕೆ ಅರ್ಧ ಸೆಂಟಿಮೀಟರ್ ಬಿಟ್ಟು ಸಿವಿ026ನ್ನು ಲಂಬವಾಗಿ ಎಳೆಯಿರಿ. ಇನ್ನೊಂದು ತಟ್ಟೆಯಲ್ಲಿ ಅಣು ಬಿಡುವುದು ಖಚಿತವಿರುವ ಎಟಿಸಿಸಿ 31532 (ಸಿವಿ026ರ ಮೂಲ ತಳಿ), ಮತ್ತೊಂದರಲ್ಲಿ ಸಿವಿ026 ಒಂಟಿಯಾಗಿ ಇರಲಿ. 30 ಡಿಗ್ರಿಯಲ್ಲಿ 24ರಿಂದ 48 ಗಂಟೆ. ಡಿಸೆಂಬರ್ ಚಳಿಯಲ್ಲಿ ಮೇಜಿನ ಮೇಲಿಟ್ಟರೆ ಬೆಳವಣಿಗೆಯೇ ಕುಂಟುತ್ತದೆ.

ಅಣು ಇದ್ದರೆ ಲಂಬಗೆರೆಯ ಹತ್ತಿರದ ತುದಿ ಗಾಢ ನೇರಳೆ, ದೂರ ಹೋದಂತೆ ತಿಳಿ, ಕೊನೆಗೆ ಬಿಳಿ. ಅಣು ಹರಡಿದ ದೂರ ಅಲ್ಲೇ ಬರೆದಿಟ್ಟ ಹಾಗೆ ಕಾಣುತ್ತದೆ. ಸಮಾನಾಂತರ ಗೆರೆ ಎಳೆದರೆ ಈ ಇಳಿಕೆ ಕಾಣದು.

ಸಿವಿ026ರ ಹತ್ತಿರದ ಬಂಧು ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಅಪರೂಪಕ್ಕಾದರೂ ಮಾರಣಾಂತಿಕ ಸೋಂಕು ತರಬಲ್ಲದು. ಗ್ಲೌಸ್ ಕಡ್ಡಾಯ, ಮನೆಯಲ್ಲಿ ಬೇಡವೇ ಬೇಡ, ತಟ್ಟೆಗಳನ್ನು ಆಟೋಕ್ಲೇವ್ ಮಾಡಿಯೇ ಎಸೆಯಿರಿ.

ಬಣ್ಣ ಬರಲಿಲ್ಲವೆಂದು ಅಣು ಇಲ್ಲ ಎನ್ನಬೇಡಿ. ಎಎಚ್‌ಎಲ್‌ಗೆ ಇಂಗಾಲದ ಬಾಲವೊಂದಿದೆ; ಈ ಕಿವಿಗೆ 4ರಿಂದ 8 ಇಂಗಾಲದ ಗಿಡ್ಡ ಸರಪಳಿಗಳಷ್ಟೇ ಕೇಳಿಸುತ್ತವೆ, ಉದ್ದದವು ಕಿವಿ ಮುಚ್ಚಿಬಿಡುತ್ತವೆ. ಉದ್ದ ಸರಪಳಿಯ ಅನುಮಾನವಿದ್ದರೆ ಸಿ6 (6 ಇಂಗಾಲದ) ಎಎಚ್‌ಎಲ್ ಬೆರೆಸಿದ ಅಗಾರ್‌ನ ಮೇಲೆ ಸಿವಿ026 ಹರಡಿ, ನಿಮ್ಮ ತಳಿಯ ಸುತ್ತ ನೇರಳೆಯ ನಡುವೆ ಬಿಳಿ ವೃತ್ತ ಮೂಡುತ್ತದೆಯೇ ನೋಡಿ. ಬ್ಯಾಕ್ಟೀರಿಯಾ ಅಲ್ಲಿ ಸತ್ತಿಲ್ಲ, ಬಣ್ಣವಷ್ಟೇ ನಿಂತಿದೆ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ.