ಕುಶಾಲನಗರದಲ್ಲಿ ಪೈಥಾನ್ ಸಮ್ಮೇಳನ: ಮದುವೆ ಲೆಕ್ಕದಲ್ಲಿ ಮಾಡಿದ್ದು

ಕೊಡಗಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮ್ಮೇಳನ ಮಾಡ್ತೀವಿ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ, ಹೇಳಿಕೊಳ್ಳುವಂಥ ಐಟಿ ಕಂಪನಿಗಳಿಲ್ಲ, ಮಳೆ ಬಂದರೆ ಕರೆಂಟೂ ಇಲ್ಲ. "ಯಾವುದಾದ್ರೂ ರೆಸಾರ್ಟ್‌ನಲ್ಲಿ ಮೂವತ್ತು ಜನ ಸೇರಿ ಕಾಫಿ ಕುಡಿದು ಬನ್ನಿ, ಸಾಕು" ಅಂದವರೂ ಇದ್ದರು. ಕಳೆದ ನವೆಂಬರ್‌ನಲ್ಲಿ ಹೆಚ್ಚುಕಮ್ಮಿ 160 ಜನ ಬಂದರು. ಖರ್ಚೆಲ್ಲ ಕಳೆದು ಕೈಯಲ್ಲಿ ಸ್ವಲ್ಪ ಹಣವೂ ಉಳಿಯಿತು. ಈಗ ಅದೇ ಗೆಳೆಯರು ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಪ್ರಬಂಧ ಕರೆಯುವುದು ಹೇಗೆ, ನಡವಳಿಕೆ ನಿಯಮ ಯಾಕೆ ಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ದೇಶದ ಪೈಥಾನ್ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲ ಸಲ ನಡೆಯಿತಲ್ಲ, ಅಲ್ಲಿಂದ ಈಚೆಗೆ ನಮ್ಮೆಲ್ಲರ ತಲೆಯಲ್ಲೂ ಸಮ್ಮೇಳನಕ್ಕೆ ಒಂದೇ ನಕ್ಷೆ. ದೊಡ್ಡ ಆಡಿಟೋರಿಯಂ, ಒಂದೇ ಹೊತ್ತಿಗೆ ಎರಡು ಮೂರು ಕಡೆ ಭಾಷಣ (ಟ್ರ್ಯಾಕ್), ಟಿ-ಶರ್ಟ್, ಚೀಲ, ಸ್ಟಾಲ್. ನಾವೂ ಮೊದಲ ಸಲ ಅದನ್ನೇ ಚಿಕ್ಕದು ಮಾಡಿ ಮಡಿಕೇರಿಗೆ ತಂದೆವು. ಜೂನ್ ಕೊನೆಯಲ್ಲಿ ರೂಮು ಅರ್ಧ ಬೆಲೆಗೆ ಸಿಗುತ್ತಿತ್ತು, ಹಾಗಾಗಿ ಆಗಲೇ ಇಟ್ಟುಕೊಂಡೆವು. ಪ್ರವೇಶ ಉಚಿತ. ಹೆಸರು ಕೊಟ್ಟವರು 220ರ ಹತ್ತಿರ, ಬಂದವರು 70 ಇರಬಹುದು. ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ಹೋಟೆಲಿನ ಯುಪಿಎಸ್ ಎರಡು ಟ್ಯೂಬ್‌ಲೈಟಿಗೆ ಮಾತ್ರ ಸಾಕಾಗುತ್ತಿತ್ತು. ಒಬ್ಬ ಹುಡುಗ ಸ್ಲೈಡ್ ಇಲ್ಲದೆ, ಮೈಕ್ ಇಲ್ಲದೆ, ಬರೀ ಮಾರ್ಕರ್ ಹಿಡಿದು ಪೈಥಾನ್‌ನ ಜನರೇಟರ್ ಫಂಕ್ಷನ್ ಬಗ್ಗೆ ಮಾತಾಡಿದ. ಆ ದಿನದ ಒಳ್ಳೆ ಭಾಷಣ ಅಂದ್ರೆ ಅದೇ. ಹೊರಗೆ ನಿಜವಾದ ಜನರೇಟರ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮುಗಿಯುವಾಗ 40 ಸಾವಿರದಷ್ಟು ನಷ್ಟ. 200 ಟಿ-ಶರ್ಟ್ ಮಾಡಿಸಿದ್ದೆವು, ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಅವು ಈಗಲೂ ನಮ್ಮ ತೋಟದಲ್ಲಿ ಏಣಿ ಹತ್ತಿ ಮೆಣಸು ಕುಯ್ಯುವವರ ಮೈಮೇಲಿವೆ.

ಅದೇ ಮಡಿಕೇರಿಯಲ್ಲಿ ಏಳುನೂರು ಜನರ ಮದುವೆ ಸಲೀಸಾಗಿ ನಡೆಯುತ್ತದೆ. ಕರೆಂಟ್ ಹೋದದ್ದು ಅಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಮೈಕ್ ಕೇಳಿಸುತ್ತದೆ, ನೆಂಟರು ರಾತ್ರಿ ಎಲ್ಲಿ ಮಲಗಬೇಕು ಅಂತ ಮೊದಲೇ ನಿಗದಿ. ಇದನ್ನೆಲ್ಲ ಮಾಡುವವರು ನಮ್ಮೂರಲ್ಲೇ ಇದ್ದಾರೆ. ಅವರನ್ನು ಬಿಟ್ಟು ಬೆಂಗಳೂರಿನ ಈವೆಂಟ್ ಕಂಪನಿಗಳಿಂದ ಕೊಟೇಷನ್ ತರಿಸುವುದು ಯಾಕೆ? ಮುಂದಿನ ಸಲಕ್ಕೆ ಕಲ್ಯಾಣ ಮಂಟಪ, ಮದುವೆ ಅಡುಗೆಯವರು, ಮದುವೆ ಸೌಂಡು, ಮದುವೆ ಜನರೇಟರ್. ತಂಡದಲ್ಲೇ ಇಬ್ಬರಿಗೆ ಇದು ಇಷ್ಟವಾಗಲಿಲ್ಲ. "ಸ್ಪಾನ್ಸರ್ ಮುಖ ನೋಡ್ತಾರಾ?" ಅಂದರು.

ಮೊದಲು ತಾರೀಖು. ಇಲ್ಲಿ ಕ್ಯಾಲೆಂಡರ್ ನೋಡಿದರೆ ಸಾಲದು, ತೋಟವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆ. 2018ರ ಆಗಸ್ಟ್ ಕಂಡವರು ಯಾರೂ ಆ ತಿಂಗಳಲ್ಲಿ ಹೊರಗಿನವರನ್ನು ಘಟ್ಟದ ರಸ್ತೆಗೆ ಕರೆಯುವುದಿಲ್ಲ. ಅಕ್ಟೋಬರ್‌ನಲ್ಲಿ ಮಡಿಕೇರಿ ದಸರಾ, ತಲಕಾವೇರಿ ತೀರ್ಥೋದ್ಭವ. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಜೋರು, ಟೂರಿಸ್ಟರೂ ಜೋರು, ರೂಮಿನ ಬಾಡಿಗೆ ಎರಡು ಪಟ್ಟು. ಜನವರಿಯಿಂದ ರೋಬಸ್ಟಾ. ಏಪ್ರಿಲ್, ಮೇ ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, ಜೊತೆಗೆ ಮದುವೆಗಳು, ಮಂಟಪವೇ ಸಿಗದು. ಉಳಿಯುವುದು ನವೆಂಬರ್ ನಡುಭಾಗ. ದೀಪಾವಳಿ ತಪ್ಪಿಸಿ, ಸುಗ್ಗಿ ಹಬ್ಬ ಪುತ್ತರಿಗೆ ಮೊದಲು, ಎರಡನೇ ಶನಿವಾರ. ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ ಇರುವುದರಿಂದ ನೌಕರರೂ ಬರುತ್ತಾರೆ. ತೋಟದವರಿಗೂ ಕೊಯ್ಲಿಗೆ ಮುಂಚೆ ಸ್ವಲ್ಪ ಪುರುಸೊತ್ತು.

ಜಾಗದ ಬಗ್ಗೆ ಜಗಳವೇ ಆಯಿತು. ಕೊಡಗು ಅಂದರೆ ಬೆಟ್ಟ, ಮಂಜು, ಮಡಿಕೇರಿ ಅಂತ ಹೊರಗಿನವರ ಲೆಕ್ಕ. ನಾನು ಕುಶಾಲನಗರ ಅಂದೆ. ಬಯಲು ಊರು, ಮಳೆ ಕಮ್ಮಿ, ಮೈಸೂರಿನಿಂದ 90 ಕಿ.ಮೀ. ಒಳಗೆ. ಮಡಿಕೇರಿಗೆ ಇನ್ನೂ 30 ಕಿ.ಮೀ. ಘಟ್ಟ ಹತ್ತಬೇಕು, ಬಸ್ಸಲ್ಲಿ ವಾಂತಿ ಮಾಡಿಕೊಂಡು ಇಳಿದವನು ಬೆಳಗ್ಗಿನ ಭಾಷಣ ಕೇಳುತ್ತಾನಾ? ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆ, ಸ್ವಯಂಸೇವಕರು ಆಟೋದಲ್ಲಿ ಬಂದರು. ರೂಮಿನ ಬಾಡಿಗೆಯೂ ಮಡಿಕೇರಿಗಿಂತ ಕಮ್ಮಿ. ಬೆಟ್ಟ ಬೇಕಾದವರು ಭಾನುವಾರ ಮಧ್ಯಾಹ್ನದ ಮೇಲೆ ತಾವೇ ಹೋಗಿ ನೋಡಿಕೊಂಡರು. ಮಂಟಪ ಎರಡು ದಿನಕ್ಕೆ 40 ಸಾವಿರಕ್ಕೆ ಸಿಕ್ಕಿತು. ಕೇಳಿದ ಮೊದಲ ಬೆಲೆ ಅದರ ದುಪ್ಪಟ್ಟು. ಅದು ಹೇಗೆ ಇಳಿಯಿತು, ಯಾವ ದಿನ ಹೋಗಿ ಮಾತಾಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಮುಂದಿನ ವರ್ಷವೂ ಅಲ್ಲೇ ಕೇಳಬೇಕು ನೋಡಿ.

ಪ್ರೊಜೆಕ್ಟರ್ ಬಾಡಿಗೆಗೆ ತರುವ ಬದಲು ಮದುವೆಗೆ ಹಾಕುವ ಎಲ್‌ಇಡಿ ಗೋಡೆ ಹಿಡಿದೆವು. ಎರಡು ದಿನಕ್ಕೆ 30 ಸಾವಿರ ಚಿಲ್ಲರೆ. ಹಗಲು ಬೆಳಕಲ್ಲೂ ಫಳಫಳ. ಆದರೆ ಪರೀಕ್ಷೆಗೆ ಕೋಡ್ ಹಾಕಿದರೆ ಒಂದಕ್ಷರ ಓದಲಾಗಲಿಲ್ಲ! ಕಾರಣ ಸರಳ. ಚುಕ್ಕಿ ಚುಕ್ಕಿ ನಡುವೆ 3.9 ಮಿ.ಮೀ. ಅಂತರ ಇರುವ ಗೋಡೆ ಅದು. 12 ಅಡಿ ಅಗಲಕ್ಕೆ ಸುಮಾರು 940 ಚುಕ್ಕಿ ಅಷ್ಟೇ. ನಮ್ಮ ಲ್ಯಾಪ್‌ಟಾಪ್ ಕಳಿಸುವುದು 1,920. ವಧೂವರರ ಮುಖಕ್ಕೆ ಅದು ಸಾಕು, ಕೋಡಿನ ಸಾಲುಗಳ ಮುಂದೆ ಬಿಡುವ ಜಾಗಕ್ಕೆ, ಅಂದರೆ ಇಂಡೆಂಟೇಷನ್‌ಗೆ ಸಾಲದು. ಭಾಷಣಕಾರರಿಗೆಲ್ಲ ಫೋನ್ ಮಾಡಿ ಹೇಳಿದೆವು: ಒಂದು ಸ್ಲೈಡಿಗೆ ಹತ್ತು ಸಾಲಿಗಿಂತ ಜಾಸ್ತಿ ಕೋಡ್ ಬೇಡ, ಅಕ್ಷರ ದಪ್ಪ ಇರಲಿ, ಕಪ್ಪು ಹಿನ್ನೆಲೆ ಇರಲಿ. ಕಪ್ಪು ಯಾಕೆಂದರೆ ಬಿಳಿ ಹಾಕಿದರೆ ಮುಂದಿನ ಎರಡು ಸಾಲಿನವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಇದರಿಂದ ಭಾಷಣಗಳೇ ಸುಧಾರಿಸಿದವು ಅಂತ ನನ್ನ ಅಭಿಪ್ರಾಯ. ಹತ್ತು ಸಾಲಲ್ಲಿ ಹೇಳಲಾಗದ್ದನ್ನು ನಲವತ್ತು ಸಾಲು ತೋರಿಸಿದರೂ ಯಾರೂ ಓದುವುದಿಲ್ಲ.

ಸೌಂಡಿನವನು ಅಭ್ಯಾಸಬಲದಲ್ಲಿ ಮೈಕಿಗೆ ಎಕೋ ಹಾಕಿದ್ದ. ಮೊದಲ ಭಾಷಣಕಾರ "ಇಂಪೋರ್ಟ್ ನಂಪೈ" ಅಂದರೆ ಮಂಟಪದ ಮೂಲೆಯಿಂದ "ಪೈ, ಪೈ, ಪೈ" ಅಂತ ವಾಪಸ್ ಬಂತು. ಒಂದು ನಿಮಿಷದಲ್ಲಿ ಸರಿ ಮಾಡಿದ. ಜನರೇಟರ್ ಡೀಸೆಲ್ ಸೇರಿ 15 ಸಾವಿರ. ಶನಿವಾರ ಎರಡು ಸಲ ಕರೆಂಟ್ ಹೋಯಿತಂತೆ, ನನಗೆ ಗೊತ್ತಾಗಿದ್ದು ಸಂಜೆ.

ಇಂಟರ್‌ನೆಟ್ ವಿಷಯದಲ್ಲಿ ಮಾತ್ರ ಮದುವೆಯವರಿಂದ ಏನೂ ಸಿಗಲಿಲ್ಲ. ನೂರೈವತ್ತು ಜನ ಒಟ್ಟಿಗೆ ಪ್ಯಾಕೇಜ್ ಇಳಿಸಿಕೊಂಡರೆ ಯಾವ ಲೈನೂ ನಿಲ್ಲದು. ಹಾಗಾಗಿ ಇಂಟರ್‌ನೆಟ್ಟೇ ಬೇಡ ಅಂದುಕೊಂಡು ಹೊರಟೆವು. ಒಂದು ಹಳೆ ಲ್ಯಾಪ್‌ಟಾಪಿಗೆ ಕಾರ್ಯಾಗಾರಕ್ಕೆ ಬೇಕಾದ ವೀಲ್‌ಗಳನ್ನೆಲ್ಲ (ಪೈಥಾನ್ ಪ್ಯಾಕೇಜಿನ ಸಿದ್ಧ ಫೈಲುಗಳು), ಪ್ಯಾಕೇಜ್ ಇಳಿಸುವ ಸಾಧನ ಪಿಪ್‌ನಿಂದ 'ಪಿಪ್ ಡೌನ್‌ಲೋಡ್' ಮಾಡಿ ತುಂಬಿಸಿದೆವು. ಪೈಥಾನ್‌ನದ್ದೇ ಎಚ್‌ಟಿಟಿಪಿ ಸರ್ವರ್ ಓಡಿಸಿ ಎರಡು ರೂಟರ್ ಹಿಂದೆ ಕೂರಿಸಿದೆವು. ಹುಡುಗರು ಪಿಪ್‌ಗೆ 'ನೋ ಇಂಡೆಕ್ಸ್' (ಇಂಟರ್‌ನೆಟ್‌ನಲ್ಲಿ ಹುಡುಕಬೇಡ), 'ಫೈಂಡ್ ಲಿಂಕ್ಸ್' (ಇಲ್ಲಿ ಹುಡುಕು) ಅಂತ ಕೊಟ್ಟರೆ ಆಯಿತು. 'ಟ್ರಸ್ಟೆಡ್ ಹೋಸ್ಟ್' ಕೂಡ ಸೇರಿಸಬೇಕು, ಇಲ್ಲದಿದ್ದರೆ ಪಿಪ್ ಆ ಸರ್ವರ್ ಕಡೆ ತಿರುಗಿಯೂ ನೋಡುವುದಿಲ್ಲ. ಹಿಂದಿನ ದಿನದ ತಾಲೀಮಿನಲ್ಲಿ ಇದೂ ಕೈಕೊಟ್ಟಿತು. ನಾವು ಇಳಿಸಿದ್ದು ಲಿನಕ್ಸ್ ವೀಲ್, ಒಂದೇ ಆವೃತ್ತಿಗೆ. ಕಾಲೇಜು ಹುಡುಗರ ಹತ್ತಿರ ಇದ್ದದ್ದೆಲ್ಲ ವಿಂಡೋಸ್, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಪೈಥಾನ್. ಪ್ಲಾಟ್‌ಫಾರ್ಮ್ ಮತ್ತು ಆವೃತ್ತಿ ಬದಲಿಸುತ್ತಾ ರಾತ್ರಿಯಿಡೀ ಮತ್ತೆ ಇಳಿಸಿದೆವು. ನಮ್ಮ ಮನೆಯ ಫೈಬರ್ ಲೈನ್ ಆ ರಾತ್ರಿ ಮರ್ಯಾದೆ ಉಳಿಸಿತು.

ಊಟ. ಅಡುಗೆಯವರಿಗೆ ಸಮ್ಮೇಳನದ ವಿಷಯ ವಿವರಿಸಲು ಹೋದೆ. "ಎಲೆ ಎಷ್ಟು ಅಂತ ಹೇಳಿ ಸಾರ್, ಮದುವೆಯೋ ಮೀಟಿಂಗೋ ನನಗ್ಯಾಕೆ" ಅಂದರು. ಹಂದಿ, ಕೋಳಿ, ಸಸ್ಯಾಹಾರ ಮೂರಕ್ಕೂ ಬೇರೆ ಬೇರೆ ಸಾಲು, ಬೇರೆ ಪಾತ್ರೆ, ಬೇರೆ ಸೌಟು. ಕಡಂಬುಟ್ಟು, ನೂಪುಟ್ಟು ಎಲ್ಲರಿಗೂ. ಕಾಫಿ ನಾಡಿನಲ್ಲಿ ಸಮ್ಮೇಳನ ಮಾಡಿ ಇನ್‌ಸ್ಟಂಟ್ ಕಾಫಿ ಕೊಡುವುದು ನಾಚಿಕೆಗೇಡು ಅಂತ ಬೆಲ್ಲದ ಕಪ್ಪು ಕಾಫಿ ಇಟ್ಟೆವು. ಹಾಲಿನ ಖರ್ಚು ಉಳಿಯಿತು, ಹೆಸರೂ ಬಂತು. ತಿಂಡಿ, ಊಟ, ಕಾಫಿ ಎಲ್ಲ ಸೇರಿ 80 ಸಾವಿರ ಆಸುಪಾಸು.

ಹಣದ ಕಡೆ ಬರೋಣ. ಉಚಿತ ಅನ್ನುವುದನ್ನು ಕೈಬಿಟ್ಟೆವು. ದೊಡ್ಡವರಿಗೆ 800 ರೂಪಾಯಿ, ವಿದ್ಯಾರ್ಥಿಗಳಿಗೆ 300. ದುಡ್ಡು ಕೊಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಜನ ಬಂದರು. ಅಲ್ಲಿಂದ ಒಂದು ಲಕ್ಷ ದಾಟಿತು. ಬೆಂಗಳೂರಿನ ಒಂದು ಕಂಪನಿ ಲಕ್ಷದಷ್ಟು ಕೊಟ್ಟಿತು, ಟಿಡಿಎಸ್ ಕತ್ತರಿಸಿ. ಅವರು ಸಂಘದ ಹೆಸರಿನ ಬ್ಯಾಂಕ್ ಖಾತೆ ಕೇಳುತ್ತಾರೆ, ವ್ಯಕ್ತಿಯ ಖಾತೆಗೆ ಹಾಕುವುದಿಲ್ಲ. ಅದಕ್ಕಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಂಡಿದ್ದೆವು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲೇ ಶುರು ಮಾಡಿ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಅನುದಾನದ ಕಡೆ ಹೋಗಲೇ ಇಲ್ಲ. ವಿದೇಶಿ ಹಣ ಅಂದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಪ್ರಶ್ನೆ ಬರುತ್ತದೆ, ಇಷ್ಟು ಸಣ್ಣ ಸಂಘಕ್ಕೆ ಅದು ತಲೆನೋವು. ಉಳಿದ 40 ಸಾವಿರ ಊರಿನವರದು: ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಾರುವ ಅಂಗಡಿ, ಗೊಬ್ಬರದ ಡೀಲರ್, ಒಂದೆರಡು ಹೋಂಸ್ಟೇ. ಗೊಬ್ಬರದ ಬ್ಯಾನರ್ ಕೆಳಗೆ ನಿಂತು ಪೈಥಾನ್‌ನ ಡೆಕೊರೇಟರ್ ಬಗ್ಗೆ ಮಾತಾಡಿದ್ದಕ್ಕೆ ಯಾವ ಭಾಷಣಕಾರರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೈಸೂರು ರೈಲು ನಿಲ್ದಾಣದಿಂದ ಬಸ್ಸಿಗೆ 28 ಸಾವಿರ, ಭಾಷಣಕಾರರ ವಾಸಕ್ಕೆ 30, ಸೌಂಡಿಗೆ 8. ಟಿ-ಶರ್ಟಿಗೆ ಸೊನ್ನೆ. ಕೊನೆಗೆ ಉಳಿದದ್ದು 12 ಸಾವಿರ ಇರಬೇಕು.

ಭಾನುವಾರ ಜನ ಉಳಿಯುವುದಿಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಸರ್ಟಿಫಿಕೇಟ್ ಭಾನುವಾರ ಮಧ್ಯಾಹ್ನ, ಕಾರ್ಯಾಗಾರ ಮುಗಿದ ಮೇಲೆ, ಕೈಗೇ ಕೊಡ್ತೀವಿ ಅಂದೆವು. ವಿದ್ಯಾರ್ಥಿಗಳು ಒಬ್ಬರೂ ಕದಲಲಿಲ್ಲ. ದೊಡ್ಡವರನ್ನು ಉಳಿಸಿಕೊಂಡದ್ದು ಬೇರೆ ಉಪಾಯದಿಂದ, ಅದು ಬೇಡ ಬಿಡಿ.

ಕಾರ್ಯಾಗಾರದ ವಿಷಯ ನನ್ನದೇ ಹಠ. ಬಂದ ಪ್ರಸ್ತಾವಗಳಲ್ಲಿ ಮುಕ್ಕಾಲು ಪಾಲು ಚಾಟ್‌ಬಾಟ್ ಮಾಡುವುದು ಹೇಗೆ ಅಂತ. ಅದನ್ನು ಬದಿಗಿಟ್ಟು ಮಳೆ ಪುಸ್ತಕ ತರಿಸಿದೆವು. ಇಲ್ಲಿನ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ದಿನದಿನದ ಮಳೆ ಬರೆದಿಟ್ಟಿರುತ್ತಾರೆ, ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಹುಡುಗರು ಅದನ್ನು ಟೈಪ್ ಮಾಡಿ ಅಂಕಿಅಂಶ ವಿಶ್ಲೇಷಿಸುವ ಪಾಂಡಾಸ್ ಪ್ಯಾಕೇಜಿಗೆ ಹಾಕಿದರೆ ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆ ಎಲ್ಲೆಲ್ಲೋ ಜಾಸ್ತಿ ಬಂತು. ಪುಸ್ತಕದಲ್ಲಿ 1.5 ಅಂತ ಬರೆದದ್ದು ಒಂದು ಇಂಚು ಐದು ಸೆಂಟು, ಅಂದರೆ 1.05 ಇಂಚು. 27 ಮಿ.ಮೀ. ಆಗಬೇಕಾದದ್ದು 38 ಮಿ.ಮೀ. ಆಗಿತ್ತು. ಹಿಡಿದದ್ದು ಪ್ರೋಗ್ರಾಮಿಂಗ್ ಗೊತ್ತಿಲ್ಲದ ಒಬ್ಬ ಹಿರಿಯ ಬೆಳೆಗಾರರು. "ಆ ವರ್ಷ ಅಷ್ಟು ಹುಯ್ಯಲಿಲ್ಲ ಮಗಾ" ಅಂದರು. ಆಮೇಲೆ ಅದನ್ನು ಅಕ್ಷರವಾಗಿ ಓದಿಸಿ, ಚುಕ್ಕಿಯಲ್ಲಿ ಒಡೆದು, ಇಂಚು ಬೇರೆ ಸೆಂಟು ಬೇರೆ ಕಾಲಂ ಮಾಡಿದೆವು. ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ ಆಗಿ ಓದಿದರೆ 1.5 ಮತ್ತು 1.50 ಎರಡೂ ಒಂದೇ ಆಗಿಬಿಡುತ್ತದೆ, ಅಲ್ವಾ?

ಮಧ್ಯೆ ಒಬ್ಬ ವಿದ್ಯಾರ್ಥಿನಿ ಐದು ನಿಮಿಷದ ಭಾಷಣದಲ್ಲಿ 'ಮಡಿಕೇರಿ'ಗೆ, ಪದದ ಉದ್ದ ಎಣಿಸುವ 'ಲೆನ್' ಕೇಳಿ 7 ಅಂತ ತೋರಿಸಿದಳು. ನಾವು ಎಣಿಸುವುದು ನಾಲ್ಕು, ಪೈಥಾನ್ ಗುಣಿತದ ಚಿಹ್ನೆಗಳನ್ನೂ ಎಣಿಸುತ್ತದೆ. ಕನ್ನಡದಲ್ಲೇ ವೇರಿಯಬಲ್ ಹೆಸರು ಇಟ್ಟು ಓಡಿಸಿಯೂ ತೋರಿಸಿದಳು. ಪೈಥಾನ್ 3 ಅದಕ್ಕೆ ತಕರಾರು ಮಾಡುವುದಿಲ್ಲ, ಗೋಡೆಯ 940 ಚುಕ್ಕಿಯಲ್ಲಿ ಒತ್ತಕ್ಷರ ಮಾತ್ರ ಕಲಸಿಹೋಯಿತು.

ಉಳಿದ ಹಣದಲ್ಲಿ ಎಕ್ಸ್‌ಟೆನ್ಷನ್ ಬೋರ್ಡು, ಗಮ್ ಟೇಪು, ಎರಡು ಸ್ವಂತ ರೂಟರ್ ತೆಗೆದು ಒಂದು ಟ್ರಂಕಿಗೆ ಹಾಕಿದ್ದೇವೆ. ವೀಲ್ ತುಂಬಿದ ಲ್ಯಾಪ್‌ಟಾಪೂ ಅದರಲ್ಲೇ ಇದೆ. ಸಕಲೇಶಪುರದಲ್ಲೋ ಚಿಕ್ಕಮಗಳೂರಿನಲ್ಲೋ ಯಾರಾದರೂ ಮಾಡುವುದಾದರೆ ಬಂದು ತಗೊಂಡು ಹೋಗಬಹುದು. ಬಾಡಿಗೆ ಬೇಡ. ಬೋರ್ಡುಗಳನ್ನು ಎಣಿಸಿ ಕೊಡುತ್ತೇನೆ, ಎಣಿಸಿಯೇ ವಾಪಸ್ ತಗೊಳ್ಳುತ್ತೇನೆ.